ಕಾಸಿನ ಕಿಂಡಿ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಿ ಬಂದವರು ಓಬವ್ವನ ಕಿಂಡಿಯನ್ನು ಮರೆಯುವುದಿಲ್ಲ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲೆಂದು ಹೊಂಡದ ಕಡೆಗೆ ಹೋದ ಆ ಗೃಹಿಣಿ, ಬಂಡೆಯ ಸಂದಿಯಲ್ಲಿ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಅದೇ ಕೋಟೆಯಲ್ಲಿ ಟಂಕಸಾಲೆಯೆಂದು ಕರೆಯುವ ಕಟ್ಟಡವೂ ಒಂದಿದೆ. ದುರ್ಗದ ನಾಯಕರ ಹೆಸರಿನಲ್ಲಿ ‘ದುರ್ಗಿ’ ಎಂಬ ವರಾಹವೇ ಒಂದು ಕಾಲದಲ್ಲಿ ಚಲಾವಣೆಯಲ್ಲಿತ್ತು. ಆದರೆ ಟಂಕಸಾಲೆಯ ಮುಂದೆ ನಿಂತು ನೋಡುವವರು ಕಡಿಮೆ. ನೀರು, ಕಿಂಡಿ, ನಾಣ್ಯ, ಈ ಮೂರೂ ಒಂದೆಡೆ ಕೂಡಿರುವುದನ್ನು ಕಾಣಬೇಕಾದರೆ ಈಗ ಕೋಟೆಯನ್ನು ಇಳಿದು ಜಿಲ್ಲೆಯ ಊರೂರಿಗೂ ಹೋಗಬೇಕು. ಬಸ್ಸು ನಿಲ್ಲುವ ಕಟ್ಟೆಯ ಪಕ್ಕದಲ್ಲೋ, ಪಂಚಾಯತಿಯ ಕಟ್ಟಡದ ಹಿಂದೆಯೋ, ತಗಡಿನ ಗೋಡೆಯ ಒಂದು ಚಿಕ್ಕ ಕೋಣೆ ಇರುತ್ತದೆ. ಅದರ ಹಣೆಯ ಮೇಲೆ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಬರಹ. ಗೋಡೆಯಲ್ಲಿ ಬೆರಳಗಲದ ಒಂದು ಕಿಂಡಿ. ಐದು ರೂಪಾಯಿಯ ನಾಣ್ಯವನ್ನು ಕಿಂಡಿಯಲ್ಲಿ ಹಾಕಿ, ಗುಂಡಿಯನ್ನೊತ್ತಿ, ಕೊಳಾಯಿಯ ಕೆಳಗೆ ಕ್ಯಾನನ್ನು ಹಿಡಿದರೆ 20 ಲೀಟರು ನೀರು ಬೀಳುತ್ತದೆ. ಮಾರುವವನಿಲ್ಲ, ಅಳೆದು ಕೊಡುವವನಿಲ್ಲ. ಕೊಳ್ಳುವವರೇ ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳತಕ್ಕದ್ದು.

ಇತ್ತೀಚಿನ ವರ್ಷಗಳಲ್ಲಿ ಈ ಕಿಂಡಿಯ ಪಕ್ಕದಲ್ಲಿ ಮತ್ತೊಂದು ಕರಿಯ ಪಟ್ಟಿ ಕಾಣಿಸಿಕೊಂಡಿದೆ. ಮುಂಗಡವಾಗಿ ಹಣ ತುಂಬಿಸಿಟ್ಟ ಕಾರ್ಡನ್ನು ಅದಕ್ಕೆ ತೋರಿಸಿದರೆ ನೀರು ಬರುತ್ತದೆ, ಕಾರ್ಡಿನಲ್ಲಿನ ಹಣ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕೆಲವು ಕಡೆ ಕಿಂಡಿಯೂ ಉಂಟು, ಪಟ್ಟಿಯೂ ಉಂಟು. ಕೆಲವು ಕಡೆ ಕಿಂಡಿಯನ್ನು ಮುಚ್ಚಿ ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳಬೇಕೆಂಬ ಆಲೋಚನೆ. ಐದು ರೂಪಾಯಿಯ ವ್ಯವಹಾರಕ್ಕೆ ಇಷ್ಟು ದೊಡ್ಡ ಚರ್ಚೆಯೇ ಎಂದು ಪಟ್ಟಣದ ಓದುಗರು ಹುಬ್ಬೇರಿಸಬಹುದು. ಆದರೆ ಈ ಸೀಮೆಯಲ್ಲಿ ನೀರಿನ ಸ್ಥಿತಿ ಹೇಗಿದೆಯೆಂಬುದನ್ನು ಬಲ್ಲವರು ಹಾಗೆ ಅನ್ನಲಾರರು.

ಚಿತ್ರದುರ್ಗ ಜಿಲ್ಲೆ ಮಳೆ ಕಡಿಮೆಯಾದ ನೆಲ. ಕೋಟೆಯ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ ನೀರು ಇಳಿಯುವಂತೆ ಹಿಂದಿನವರು ಮಾಡಿದ ಏರ್ಪಾಟನ್ನು ನೋಡಿದರೆ, ಒಂದೊಂದು ಹನಿಗೂ ಅವರು ಕೊಟ್ಟ ಬೆಲೆ ತಿಳಿಯುತ್ತದೆ. ಹೊಂಡವೊಂದಕ್ಕೆ ‘ಸಿಹಿನೀರು ಹೊಂಡ’ ಎಂದು ಹೆಸರಿಟ್ಟಿರುವುದೇ ಸುತ್ತಮುತ್ತಲ ನೀರಿನ ರುಚಿಯನ್ನು ಹೇಳದೆ ಹೇಳುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಆ ನಡುವೆ ಬಾವಿಗಳು ಬತ್ತಿದವು, ಕೊಳವೆ ಬಾವಿಗಳು ಆಳಕ್ಕಿಳಿದವು. ಆಳದ ನೀರಿನೊಂದಿಗೆ ಫ್ಲೋರೈಡೂ ಮೇಲಕ್ಕೆ ಬಂದಿತು.

ಫ್ಲೋರೈಡ್ ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಬಾಧಕವಿಲ್ಲ, ಬೇರೆ ಗತಿಯಿಲ್ಲದ ಕಡೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕೂ ಮೀರಿದ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಿದ್ದರೆ, ವರ್ಷಗಳು ಕಳೆದಂತೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಇಂಡಿಯಾದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಗೃಹಿಣಿಯರು ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು: ಕಾಯಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನೀರನ್ನು ಬಹಳ ಒತ್ತಡದಿಂದ ಸೂಕ್ಷ್ಮವಾದ ಪೊರೆಯ ಮೂಲಕ ಹಾಯಿಸಿ, ಒಂದು ಭಾಗವನ್ನು ಶುದ್ಧವಾಗಿ ಉಳಿಸಿಕೊಂಡು, ಲವಣ ತುಂಬಿದ ಇನ್ನೊಂದು ಭಾಗವನ್ನು ಹೊರಕ್ಕೆ ಬಿಡುವ ಯಂತ್ರವೇ ತಗಡಿನ ಕೋಣೆಯೊಳಗಿರುವುದು. 2023ರ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣದಲ್ಲಿ ಜೀವಹಾನಿಯಾದ ಮೇಲಂತೂ, ಕೊಳಾಯಿಯ ನೀರನ್ನು ನಂಬಿದ್ದವರು ಸಹ ಕ್ಯಾನ್ ಹಿಡಿದು ಘಟಕದ ಮುಂದೆ ನಿಂತಿದ್ದರೆ ಆಶ್ಚರ್ಯವಿಲ್ಲ. ಈ ಕೋಣೆಯ ಬಾಗಿಲಲ್ಲಿ ಯಾರಿಗೆ ನೀರು ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬುದು ಆದುದರಿಂದ ಅಲ್ಪ ವಿಷಯವಲ್ಲ.

ಬಾಯಾರಿದವನಿಂದ ನೀರಿಗೆ ಹಣ ಪಡೆಯುವುದು ಕನ್ನಡ ನಾಡಿನ ಹಳೆಯ ಮನಸ್ಸಿಗೆ ಒಗ್ಗುವ ಮಾತಲ್ಲ. ಅರವಟ್ಟಿಗೆಯನ್ನು ಇಡುವುದು, ಅದಕ್ಕೆ ಭೂಮಿಯನ್ನು ದತ್ತಿ ಬಿಡುವುದು ಪುಣ್ಯವೆಂದು ಬಗೆದ ನಾಡು ಇದು. ಹಾಗೆಂದ ಮಾತ್ರಕ್ಕೆ ನೀರಿಗೆ ಯಂತ್ರವನ್ನಿಟ್ಟು ನಾಣ್ಯ ಕೇಳುವುದು ಕಲಿಗಾಲದ ವೈಪರೀತ್ಯವೆಂದು ನಿಟ್ಟುಸಿರಿಡಬೇಕಾಗಿಲ್ಲ. ಜಗತ್ತಿನಲ್ಲಿ ನಾಣ್ಯ ಹಾಕಿದರೆ ಪದಾರ್ಥ ಕೊಡುವ ಯಂತ್ರಗಳಲ್ಲಿ ವಿವರಣೆ ಉಳಿದು ಬಂದಿರುವ ಅತಿ ಪ್ರಾಚೀನವಾದದ್ದು ಮಾರುತ್ತಿದ್ದುದೇ ನೀರನ್ನು, ಅದೂ ದೇವಾಲಯದಲ್ಲಿ! ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲೆಗ್ಸಾಂಡ್ರಿಯ ನಗರದಲ್ಲಿದ್ದ ಹೀರೋ ಎಂಬ ಯಂತ್ರಶಾಸ್ತ್ರಜ್ಞ ಅದನ್ನು ವರ್ಣಿಸಿದ್ದಾನೆ. ಭಕ್ತನು ಐದು ದ್ರಾಖ್ಮದ ನಾಣ್ಯವನ್ನು ಕಿಂಡಿಯಲ್ಲಿ ಹಾಕಿದರೆ ಅದು ಒಳಗಿನ ತಟ್ಟೆಯ ಮೇಲೆ ಬೀಳುತ್ತಿತ್ತು. ಭಾರಕ್ಕೆ ಸನ್ನೆಕೋಲು ವಾಲಿ ತೂಬು ತೆರೆದು ಪವಿತ್ರಜಲ ಹರಿಯುತ್ತಿತ್ತು. ನಾಣ್ಯ ಜಾರಿ ಬಿದ್ದೊಡನೆ ತೂಬು ಮುಚ್ಚುತ್ತಿತ್ತು. ಭಕ್ತರು ಕೊಟ್ಟ ಹಣಕ್ಕಿಂತ ಹೆಚ್ಚು ತೀರ್ಥವನ್ನು ಒಯ್ಯದಂತೆ ಮಾಡಿದ ಉಪಾಯವೆಂದು ಊಹಿಸಬಹುದು. ಹೀರೋನ ಯಂತ್ರಕ್ಕೆ ಬಂದವನ ಊರು ಹೆಸರು ಬೇಕಿರಲಿಲ್ಲ. ಗೋಡೆಯ ಕಿಂಡಿಗೂ ಬೇಕಾಗಿಲ್ಲ. ನಾಣ್ಯದ ಹಿರಿಮೆಯಿರುವುದು ಅಲ್ಲಿಯೇ.

ಅಂಗಡಿಯ ಶೆಟ್ಟರ ಮುಂದೆ ಚಿಲ್ಲರೆಯಿಲ್ಲದೆ ನಿಂತರೆ ‘ನಾಳೆ ಕೊಡಿ’ ಎಂದು ಅವರು ಹೇಳಿಯಾರು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಮನುಷ್ಯನಿಲ್ಲದ ಅಂಗಡಿಯಲ್ಲಿ ಹಣ ಪಡೆಯುವ ರೀತಿಯೇ ಬಾಗಿಲು ಕಾಯುವ ಆಳಾಗಿಬಿಡುತ್ತದೆ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಿ. ನಿನ್ನೆಯವರೆಗೆ ನಾಣ್ಯ ನುಂಗುತ್ತಿದ್ದ ಘಟಕಕ್ಕೆ ಇಂದು ಬರಿಯ ಕಾರ್ಡು. ಸೊಂಟದ ಸಂಚಿಯಿಂದ ನಾಣ್ಯ ತೆಗೆದು ಅಜ್ಜಿಯೊಬ್ಬಳು ಬಂದಿದ್ದಾಳೆ.

“ಅಜ್ಜೀ, ಇದು ಈಗ ನಾಣ್ಯ ತಗಳಲ್ಲ. ಕಾರ್ಡು ಬೇಕು,” ಎನ್ನುತ್ತಾನೆ ಸಾಲಿನಲ್ಲಿ ನಿಂತ ಹುಡುಗ.

“ನಿನ್ನೆಗಂಟ ತಗತಿತ್ತಲ್ಲಪ್ಪ. ಇವತ್ತೇನಾತು ಇದುಕ್ಕೆ?”

“ನಿಮ್ಮನೇಲೂ ಒಂದು ಕಾರ್ಡು ಐತಂತಲ್ಲಜ್ಜಿ.”

“ಅದು ನನ್ ಮಗನ ಜೇಬ್ನಾಗೈತೆ. ಅವ್ನು ದುರ್ಗಕ್ಕೆ ಹೋಗವ್ನೆ. ಸಂಜೆಗಂಟ ನೀರು ಕುಡೀದಂಗಿರಾಕಾಗ್ತದೇನಪ್ಪ?”

ಹುಡುಗ ತನ್ನ ಕಾರ್ಡನ್ನೇ ತೋರಿಸಿ ಅಜ್ಜಿಯ ಕೊಡವನ್ನು ತುಂಬಿಸಿಕೊಟ್ಟು ನಾಣ್ಯವನ್ನು ತಾನಿಟ್ಟುಕೊಳ್ಳುತ್ತಾನೆ. ಹಳ್ಳಿಯಲ್ಲಿ ಹಾಗೆಯೇ ನಡೆಯುವುದು. ಆದರೆ ಸಾಲಿನಲ್ಲಿ ಹುಡುಗನಿಲ್ಲದ ಮಧ್ಯಾಹ್ನವೊಂದು ಬಂದೇ ಬರುತ್ತದೆ. ಆಗ ಕೊಳವೆ ಬಾವಿಯ ನೀರೇ ಗತಿ. ಅಡಿಕೆಯ ತೋಟವುಳ್ಳ ಮನೆಗೆ ಈ ತೊಂದರೆಯಿಲ್ಲ, ಅವರ ಅಡಿಗೆಮನೆಯಲ್ಲಿಯೇ ಶುದ್ಧೀಕರಣದ ಯಂತ್ರವಿರುತ್ತದೆ. ಅದೇ ತೋಟಕ್ಕೆ ಕೂಲಿಗೆಂದು ಬಂದು ಹದಿನೈದು ದಿನ ನಿಲ್ಲುವ ಕುಟುಂಬಕ್ಕೆ ಕಾರ್ಡು ಎಲ್ಲಿಯದು? ಕುರಿಗಳನ್ನು ಹೊಡೆದುಕೊಂಡು ಊರಿಂದೂರಿಗೆ ಸಾಗುವವನಿಗೆ ಎಷ್ಟು ಊರುಗಳ ಕಾರ್ಡು ಬೇಕಾದೀತು? ಹಿರಿಯೂರಿನಲ್ಲಿ ಬೆಂಗಳೂರು–ಪುಣೆ ಹೆದ್ದಾರಿಯಿಂದ ಇಳಿದು ಖಾಲಿ ಕ್ಯಾನಿನೊಡನೆ ಬರುವ ಲಾರಿಯ ಚಾಲಕನ ಪಾಡೂ ಅದೇ. ಒಂದು ಘಟಕದ ಕಾರ್ಡು ಇನ್ನೊಂದು ಘಟಕದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಐದು ರೂಪಾಯಿಯ ನಾಣ್ಯ ಕಾಶ್ಮೀರದಲ್ಲಿಯೂ ನಡೆಯುತ್ತದೆ.

ಆ ಹೆದ್ದಾರಿಯ ಮೇಲೆಯೇ ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಹಿರಿಯೂರಿನ ಬಳಿಯ ಗುಯಿಲಾಳು ಸುಂಕದ ಕಟ್ಟೆಯನ್ನು ದಾಟುವ ಕಾರುಗಳಿಗೆ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ನಗದು ಕೊಡುವವನು ಎರಡರಷ್ಟು ತೆರಬೇಕಾಗಿತ್ತು. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಕೊಡುವವರಿಗೆ ಒಂದೂಕಾಲು ಪಾಲೆಂದು ರಿಯಾಯಿತಿ ಬಂದಿತು, ನಗದಿಗೆ ಮಾತ್ರ ಎರಡು ಪಾಲು ಹಾಗೆಯೇ ಉಳಿಯಿತು. ಕಾರಿಟ್ಟುಕೊಂಡವನಿಗೆ ಇಂಥ ದಂಡವನ್ನು ಹಾಕುವುದರಲ್ಲಿ ಅನ್ಯಾಯವಿಲ್ಲ. ಒಬ್ಬನು ಚಿಲ್ಲರೆ ಎಣಿಸುತ್ತ ನಿಂತರೆ ಹಿಂದೆ ನೂರು ವಾಹನ ನಿಲ್ಲುತ್ತವೆ. ಆದರೆ ಸುಂಕದ ಕಟ್ಟೆಯ ನ್ಯಾಯವನ್ನು ನೀರಿನ ಕೋಣೆಗೆ ತರುವುದು ಸರಿಯೇ? ಹೊಸದನ್ನು ಮೆಚ್ಚುವ ಆತುರದಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ.

ಇರಲಿ, ನಾಣ್ಯದ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಕಷ್ಟಗಳನ್ನೂ ಹೇಳದಿದ್ದರೆ ಘಟಕ ನಡೆಸುವವರು ಸುಮ್ಮನಿರಲಾರರು. ಮೊದಲನೆಯದು ನಾಣ್ಯಗಳ ವೇಷ. 2011ರ ಮಾದರಿಯ ಐದು ರೂಪಾಯಿಯ ವ್ಯಾಸ 23 ಮಿಲಿಮೀಟರು, ತೂಕ 6 ಗ್ರಾಂ. 2019ರ ಮಾದರಿಯಲ್ಲಿ ಅದೇ ಐದು ರೂಪಾಯಿ 25 ಮಿಲಿಮೀಟರಿಗೆ ಹಿಗ್ಗಿ 7.74 ಗ್ರಾಂ ಆಯಿತು. ಇನ್ನು 2011ರ ಎರಡು ರೂಪಾಯಿಯ ವ್ಯಾಸ ಎಷ್ಟೆಂದರೆ, ಸರಿಯಾಗಿ ಅದೇ 25! 2019ರ ಎರಡು ರೂಪಾಯಿ 23. ಹೀಗೆ ಹೊಸ ಎರಡು ಹಳೆಯ ಐದರಷ್ಟಗಲ, ಹಳೆಯ ಎರಡು ಹೊಸ ಐದರಷ್ಟಗಲ. ಅಗಲವೊಂದನ್ನೇ ನೋಡುವ ಅಗ್ಗದ ಯಂತ್ರವಾದರೆ ಎರಡಕ್ಕೆ ಐದರ ನೀರು ಕೊಟ್ಟು ಮೋಸ ಹೋಗುತ್ತದೆ; ಇಲ್ಲವೇ ಹೊಸ ಐದನ್ನು ಕಳ್ಳನಾಣ್ಯವೆಂದು ತಿರಸ್ಕರಿಸುತ್ತದೆ. ಲೋಹದ ಗುಣವನ್ನೂ ತೂಕವನ್ನೂ ಪರೀಕ್ಷಿಸುವ ಒಳ್ಳೆಯ ಯಂತ್ರ ತಪ್ಪುವುದಿಲ್ಲ, ಆದರೆ ಅದಕ್ಕೆ ಬೆಲೆ ಹೆಚ್ಚು. ಯಂತ್ರ ನಾಣ್ಯವನ್ನು ನುಂಗಿ ನೀರು ಕೊಡದೆ ಕುಳಿತಾಗ ಅದರ ಬೆನ್ನ ಮೇಲೆ ಬೀಳುವ ಗುದ್ದುಗಳನ್ನು ಎಣಿಸಿದವರಿಲ್ಲ.

ಹತ್ತು ರೂಪಾಯಿಯ ನಾಣ್ಯದ ಕಥೆ ಇನ್ನೂ ವಿಚಿತ್ರ. ಅದು ನಡೆಯುವುದಿಲ್ಲವೆಂಬ ಸುಳ್ಳು ವದಂತಿ ದಕ್ಷಿಣದ ಊರುಗಳಲ್ಲೆಲ್ಲ ಹರಡಿ, ಅಂಗಡಿಯವನೂ ಬಸ್ಸಿನವನೂ ಅದನ್ನು ಮುಟ್ಟದಂತಾಯಿತು. ಹದಿನಾಲ್ಕು ವಿನ್ಯಾಸಗಳ ಹತ್ತು ರೂಪಾಯಿಯ ನಾಣ್ಯಗಳೂ ಸಕ್ರಮವೆಂದು ರಿಸರ್ವ್ ಬ್ಯಾಂಕು 2018ರ ಜನವರಿ 17ರಂದು ಪ್ರಕಟಣೆ ಹೊರಡಿಸಬೇಕಾಯಿತು. ಸರ್ಕಾರ ಟಂಕಿಸಿದ ನಾಣ್ಯವನ್ನು ಮನುಷ್ಯರು ಶಂಕಿಸುತ್ತಿದ್ದಾಗ, ಅದಕ್ಕೆಂದು ಹೊಂದಿಸಿದ ಕಿಂಡಿಯ ಯಂತ್ರ ಮಾತ್ರ ಯಾವ ವದಂತಿಗೂ ಕಿವಿಗೊಡದೆ ಅದನ್ನು ಸ್ವೀಕರಿಸುತ್ತದೆಯಲ್ಲವೇ!

ಎರಡನೆಯ ಕಷ್ಟ ಭಾರ. ಒಂದು ಘಟಕದಲ್ಲಿ ದಿನಕ್ಕೆ 200 ಕ್ಯಾನ್ ನೀರು ಹೋಗುತ್ತದೆಂದು ಲೆಕ್ಕ ಹಿಡಿದರೆ ದಿನಕ್ಕೆ ಸಾವಿರ ರೂಪಾಯಿ, ತಿಂಗಳಿಗೆ ಮೂವತ್ತು ಸಾವಿರ. ಅಂದರೆ ಐದರ 6,000 ನಾಣ್ಯಗಳು. ಎಲ್ಲವೂ ಹಗುರದವಾದರೆ 36 ಕಿಲೋಗ್ರಾಂ, ಎಲ್ಲವೂ ಹೊಸವಾದರೆ 46 ಕಿಲೋಗ್ರಾಂ ದಾಟುತ್ತದೆ. ಅಕ್ಕಿಯ ಮೂಟೆಯಂತೆ ಹೊತ್ತು ಹೊಸದುರ್ಗದ ಪೇಟೆಯ ಬ್ಯಾಂಕಿಗೆ ಒಯ್ದರೆ ಗುಮಾಸ್ತರ ಮುಖ ಅರಳುವುದಿಲ್ಲ. ನಾಣ್ಯಗಳನ್ನು ಬ್ಯಾಂಕುಗಳು ಸ್ವೀಕರಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ಸ್ಪಷ್ಟ ಆದೇಶ. ನೂರು ನೂರರಂತೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ತಂದರೆ ಅನುಕೂಲವೆಂದೂ ಅದು ಸಲಹೆ ಮಾಡಿದೆ. ಆರು ಸಾವಿರಕ್ಕೆ ಅರವತ್ತು ಚೀಲ! ಬುದ್ಧಿವಂತರು ಬ್ಯಾಂಕಿನ ದಾರಿ ಹಿಡಿಯುವುದಿಲ್ಲ. ಪಕ್ಕದ ಕಿರಾಣಿ ಅಂಗಡಿಗೆ, ತರಕಾರಿಯವರಿಗೆ, ಹೋಟೆಲಿಗೆ ನಾಣ್ಯ ಕೊಟ್ಟು ನೋಟು ಪಡೆಯುತ್ತಾರೆ. ಅಂಗಡಿಯವನು ಅದನ್ನು ಚಿಲ್ಲರೆಯಾಗಿ ಗಿರಾಕಿಗೆ ಕೊಡುತ್ತಾನೆ, ಗಿರಾಕಿ ಅದನ್ನು ಮಾರನೆಯ ಬೆಳಗ್ಗೆ ಕಿಂಡಿಗೆ ಹಾಕುತ್ತಾನೆ. ಊರೊಳಗೇ ತಿರುಗುವ ಈ ನಾಣ್ಯದ ರಾಟೆಯನ್ನು ಯಾವ ಬ್ಯಾಂಕೂ ಯೋಜಿಸಿದ್ದಲ್ಲ.

ಮೂರನೆಯ ಸಂಗತಿ ಬೆಲೆಗೆ ಸಂಬಂಧಿಸಿದ್ದು. ಕೊಳ್ಳುವವರು ಇದನ್ನು ಗಮನಿಸುವುದು ಅಪರೂಪ. ನಾಣ್ಯದ ಯಂತ್ರದಲ್ಲಿ ಬೆಲೆ ಮೆಲ್ಲಮೆಲ್ಲನೆ ಏರಲಾರದು. ಮೊದಮೊದಲು ಹಲವು ಘಟಕಗಳಲ್ಲಿ 20 ಲೀಟರಿಗೆ 2 ರೂಪಾಯಿ ಇತ್ತು, ಅಂದರೆ ಲೀಟರಿಗೆ ಹತ್ತು ಪೈಸೆ. ವಿದ್ಯುತ್ತಿನ ದರ, ಪೊರೆಯ ಬೆಲೆ ಏರಿದಾಗ ಮೂರು ರೂಪಾಯಿ ಸಾಕಾಗುತ್ತಿತ್ತೋ ಏನೋ. ಮೂರು ರೂಪಾಯಿಯ ನಾಣ್ಯವೇ ಇಲ್ಲ. ಆದುದರಿಂದ ಬೆಲೆ ಎರಡರಿಂದ ಐದಕ್ಕೆ ಹಾರಿತು. 2024ರ ಬೇಸಿಗೆಯ ಮೊದಲಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಕೆಲವು ಘಟಕಗಳು ಐದರಿಂದ ಹತ್ತಕ್ಕೆ ಹಾರಿದವು. ಮನೆಗೊಂದೇ ಕ್ಯಾನ್ ಎಂಬ ಕಟ್ಟಳೆಯೂ ಬಂದಿತು. ಅಮೆರಿಕದಲ್ಲಿ ಕೋಕಾ-ಕೋಲಾ ಪಾನೀಯ 1886ರಿಂದ ಎಪ್ಪತ್ತು ವರ್ಷಗಳಷ್ಟು ಕಾಲ ಐದು ಸೆಂಟಿಗೇ ಮಾರಾಟವಾದುದಕ್ಕೆ, ಮಾರುವ ಯಂತ್ರಗಳೆಲ್ಲ ಐದು ಸೆಂಟಿನ ಒಂದೇ ನಾಣ್ಯಕ್ಕೆ ಹೊಂದಿಕೊಂಡಿದ್ದುದೂ ಒಂದು ಕಾರಣ. ಏಳೂವರೆ ಸೆಂಟಿನ ಹೊಸ ನಾಣ್ಯವನ್ನು ಟಂಕಿಸಿಕೊಡಿ ಎಂದು ಆ ಕಂಪನಿಯ ಮುಖ್ಯಸ್ಥರು 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನೇ ಕೇಳಿಕೊಂಡರಂತೆ. ನಾಣ್ಯ ಹುಟ್ಟಲಿಲ್ಲ, ಕಡೆಗೆ ಬೆಲೆಯೇ ಏರಿತು.

ಕಾರ್ಡಿಗೆ ಈ ಬಂಧನವಿಲ್ಲ. ಅದು ಲೀಟರಿಗೆ ಹದಿನೇಳು ಪೈಸೆಯನ್ನೂ ಕಳೆಯಬಲ್ಲುದು. ಐದು ಲೀಟರಿನ ಪಾತ್ರೆ ತಂದವನಿಗೆ ಐದು ಲೀಟರಿನ ಬೆಲೆಯನ್ನಷ್ಟೇ ಹಿಡಿಯಬಲ್ಲುದು. ನಾಣ್ಯದ ಯಂತ್ರವೋ, ಪಾತ್ರೆ ಚಿಕ್ಕದಾದರೆ ಮಿಕ್ಕ ನೀರನ್ನು ಚರಂಡಿಗೆ ಹರಿಸುತ್ತದೆ. ಒಂಟಿಯಾಗಿರುವ ಮುದುಕರು ಹೊರಬಲ್ಲಷ್ಟನ್ನು ಮಾತ್ರ ಕೊಂಡೊಯ್ಯಲು ಕಾರ್ಡು ಒಳ್ಳೆಯದು ಎಂಬುದನ್ನು ಒಪ್ಪಲೇಬೇಕು. ಒಡೆದು ಕದಿಯಲು ಡಬ್ಬಿಯಲ್ಲಿ ಹಣವಿರುವುದಿಲ್ಲವೆಂಬುದು ಮತ್ತೊಂದು ಅನುಕೂಲ. ಊರ ಹೊರಗಿನ ಒಂಟಿ ಘಟಕಕ್ಕೆ ಇದು ಸಾಮಾನ್ಯ ಅನುಕೂಲವಲ್ಲ. ಆದರೆ ಕಾರ್ಡಿನ ಪರವಾಗಿ ಎಲ್ಲಕ್ಕಿಂತ ಬಲವಾಗಿ ಹೂಡುವ ವಾದ ಲೆಕ್ಕದ್ದು.

ನಾಣ್ಯದ ಡಬ್ಬಿ ಕತ್ತಲೆಯ ಕೋಣೆ. ಬೀಗದ ಕೈ ಯಾರಲ್ಲಿದೆಯೋ ಅವರಿಗೆ ಮಾತ್ರ ಒಳಗಿನ ಮೊತ್ತ ಗೊತ್ತು. ತಿಂಗಳಿಗೆ ಎಷ್ಟು ಬಂದಿತೆಂದು ಪಂಚಾಯತಿ ಕೇಳಿದರೆ ‘ಅಷ್ಟಕ್ಕಷ್ಟೇ ಸ್ವಾಮಿ’ ಎಂಬ ಉತ್ತರ ದೊರೆಯುತ್ತದೆ. ವರ್ಷವೆರಡು ವರ್ಷ ಕಳೆದು ಪೊರೆ ಕೆಟ್ಟಾಗ, ಮೋಟಾರು ಸುಟ್ಟಾಗ, ಕೊಂಡು ತರಲು ಹಣವಿರುವುದಿಲ್ಲ. ಘಟಕದ ಬಾಗಿಲಿಗೆ ಬೀಗ ಬೀಳುತ್ತದೆ, ತಗಡಿಗೆ ತುಕ್ಕು ಹಿಡಿಯುತ್ತದೆ. ಹೀಗೆ ಕೆಟ್ಟು ನಿಂತ ಘಟಕಗಳ ಸುದ್ದಿ ನಾಡಿನ ಪತ್ರಿಕೆಗಳಿಗೆ ಹೊಸದೇನೂ ಅಲ್ಲ. ಆಗ ನಾಣ್ಯವುಳ್ಳವರಿಗೂ ನೀರಿಲ್ಲ, ಕಾರ್ಡುಳ್ಳವರಿಗೂ ಇಲ್ಲ. ಕಾರ್ಡಿನ ವ್ಯವಸ್ಥೆಯಲ್ಲಿ ಪ್ರತಿಯೊಂದು ಕ್ಯಾನಿನ ಲೆಕ್ಕ ತಾನಾಗಿಯೇ ಬರೆದುಕೊಳ್ಳುತ್ತದೆಯಾದುದರಿಂದ ಹಣ ಸೋರುವುದಿಲ್ಲ ಎನ್ನುತ್ತಾರೆ.

ವಾದವೇನೋ ಚೆನ್ನಾಗಿದೆ. ಆದರೆ ಲೆಕ್ಕವಿಡಲು ಹಣವನ್ನೇ ಏಕೆ ಎಣಿಸಬೇಕು? ನೀರನ್ನು ಎಣಿಸಿದರಾಯಿತು. ಕೊಳಾಯಿಗೆ ಒಂದು ಮೀಟರನ್ನು ಜೋಡಿಸಿ, ಅದರ ಅಂಕಿಯನ್ನು ಪ್ರತಿ ಸೋಮವಾರ ಘಟಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರೆ, ಶಾಲೆಯ ನಾಲ್ಕನೆಯ ತರಗತಿಯ ಹುಡುಗಿಯೂ ಭಾಗಿಸಿ ಹೇಳಬಲ್ಲಳು: ವಾರದಲ್ಲಿ 28,000 ಲೀಟರು ಹೋಗಿದೆ, 1,400 ಕ್ಯಾನಾಯಿತು, ಡಬ್ಬಿಯಲ್ಲಿ 7,000 ರೂಪಾಯಿ ಇರಬೇಕು. ಇಲ್ಲದಿದ್ದರೆ ಬೀಗದ ಕೈ ಇಟ್ಟುಕೊಂಡವರನ್ನು ಊರೇ ಕೇಳುತ್ತದೆ. ಕಾರ್ಡಿನ ಲೆಕ್ಕ ಸತ್ಯವಾಗಿಯೇ ಇರಬಹುದು, ಆದರೆ ಅದು ಇರುವುದು ಗುತ್ತಿಗೆದಾರನ ಗಣಕಯಂತ್ರದಲ್ಲಿ. ನೀರು ಕುಡಿಯುವವರಿಗೆ ಅದು ಕಾಣುವುದೇ? ಕಂಪನಿಗೆ ಕಾಣುವ ಲೆಕ್ಕ ಒಂದು, ಊರಿಗೆ ಕಾಣುವ ಲೆಕ್ಕ ಇನ್ನೊಂದು. ಸೋರಿಕೆಯನ್ನು ತಡೆಯಲು ಕಿಂಡಿಯನ್ನೇ ಮುಚ್ಚಬೇಕೆನ್ನುವವರು, ಇಷ್ಟು ಅಗ್ಗದ ಮೀಟರನ್ನು ಮೊದಲು ಹಾಕಿ ನೋಡಿದ್ದಾರೆಯೇ ಎಂದು ಕೇಳಬೇಕು.

ಇಷ್ಟರಲ್ಲಿ ಪಟ್ಟಣದ ತರುಣ ಓದುಗರು ಅಸಹನೆಯಿಂದ, ‘ನಾಣ್ಯವೇಕೆ, ಕಾರ್ಡೇಕೆ, ಫೋನಿಲ್ಲವೇ?’ ಎಂದು ಕೇಳುತ್ತಿರಬಹುದು. ಸರಿಯಾದ ಪ್ರಶ್ನೆ. 2016ರಲ್ಲಿ ಯುಪಿಐ ಬಂದಿತು. ಅದೇ ವರ್ಷದ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. 2020ರ ಜನವರಿಯಿಂದ ಯುಪಿಐ ವ್ಯವಹಾರಕ್ಕೆ ವ್ಯಾಪಾರಿ ತೆರಬೇಕಾದ ಶುಲ್ಕ ಸೊನ್ನೆಯಾಯಿತು. ಬ್ಯಾಂಕಿನ ಕಾರ್ಡನ್ನು ಉಜ್ಜುವ ಯಂತ್ರಕ್ಕೆ ಬಾಡಿಗೆ ಕೊಟ್ಟು, ಕ್ರೆಡಿಟ್ ಕಾರ್ಡಿನ ಪ್ರತಿ ಮಾರಾಟದಲ್ಲಿಯೂ ಒಂದಂಶವನ್ನು ಬಿಟ್ಟುಕೊಡುವುದು ಹತ್ತು ಇಪ್ಪತ್ತು ರೂಪಾಯಿಯ ವ್ಯಾಪಾರಿಗೆ ಕಟ್ಟುವ ಮಾತಲ್ಲ. ಕಾಗದದ ಮೇಲಿನ ಕಪ್ಪು ಚೌಕಕ್ಕೆ ಬಾಡಿಗೆಯಿಲ್ಲ. ಆದುದರಿಂದಲೇ ಚಿತ್ರದುರ್ಗದ ಬೀದಿಯಲ್ಲಿ ಹೂ ಮಾರುವಾಕೆಯ ಬುಟ್ಟಿಯಲ್ಲಿಯೂ ಆ ಚೌಕವನ್ನು ಕಾಣಬಹುದು. ಸಾಧಾರಣ ಫೋನುಳ್ಳವರಿಗೂ 2022ರ ಮಾರ್ಚಿಯಿಂದ ಒಂದು ದಾರಿ ತೆರೆದಿದೆ, ಬಳಸುವವರು ವಿರಳ. ಆದರೆ ಯಾರೂ ಕಾಯದ ಘಟಕದ ಗೋಡೆಗೆ ಚೌಕವನ್ನು ಅಂಟಿಸಿದರೆ ಒಂದು ಅಪಾಯವುಂಟು. ರಾತ್ರಿಯ ವೇಳೆ ಅದರ ಮೇಲೆ ಮತ್ತೊಂದು ಚೌಕವನ್ನು ಅಂಟಿಸಿ ಹೋಗುವ ಕಳ್ಳರು ಈ ದೇಶದಲ್ಲಿ ಹುಟ್ಟಿಕೊಂಡಿದ್ದಾರೆ. ಹಣ ಹೋಯಿತೆಂದು ಗಿರಾಕಿಗೆ ಗೊತ್ತು, ಯಾರಿಗೆ ಹೋಯಿತೆಂದು ಗೊತ್ತಿಲ್ಲ. ಯಂತ್ರವೇ ಪರದೆಯ ಮೇಲೆ ಪ್ರತಿ ಸಲ ಹೊಸ ಚೌಕವನ್ನು ಮೂಡಿಸಿದರೆ ಈ ಭಯವಿಲ್ಲ. ಗುಡ್ಡದ ಮರೆಯ ಹಳ್ಳಿಗೆ ಮೊದಲು ಸಂಕೇತ ದೊರೆಯಬೇಕು, ಅಷ್ಟೆ.

ಪಟ್ಟಣದವರಿಗೆ ಪರಿಚಿತವಾದ ಸ್ವಸಹಾಯದ ವ್ಯಾಪಾರವೆಂದರೆ ದರ್ಶಿನಿ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಂದಿನಿಂದ, ಮೊದಲು ಹಣ ಕೊಟ್ಟು ಚೀಟಿ ಪಡೆದು, ತಿಂಡಿಯನ್ನು ತಾವೇ ತಂದುಕೊಂಡು ನಿಂತು ತಿನ್ನುವ ಪದ್ಧತಿ ನಾಡಿನ ಎಲ್ಲ ಪೇಟೆಗಳಿಗೂ ಹರಡಿತು. ಇಲ್ಲಿ ಗಲ್ಲದ ಹಿಂದೆ ಮನುಷ್ಯನೊಬ್ಬನಿದ್ದಾನೆ. ಕಾರ್ಡಿಲ್ಲದವನೆಂದು ಯಾರನ್ನೂ ಹೊರಗಟ್ಟುವುದಿಲ್ಲ. ಚಿಲ್ಲರೆಯ ಬದಲು ಪೆಪ್ಪರ್ಮೆಂಟು ಕೊಡುವ ಕೆಟ್ಟ ಚಾಳಿಯನ್ನು ಫೋನು ಬಹುಮಟ್ಟಿಗೆ ತಪ್ಪಿಸಿತೆಂಬುದಕ್ಕಾಗಿ ಗೃಹಿಣಿಯರು ಅದಕ್ಕೆ ಕೃತಜ್ಞರಾಗಿರಬೇಕು. ಆದರೆ 2025ರ ಜುಲೈಯಲ್ಲಿ ಆಶ್ಚರ್ಯವೊಂದು ನಡೆಯಿತು. ಯುಪಿಐ ಮೂಲಕ ಬಂದ ಮೊತ್ತಗಳನ್ನು ಕೂಡಿ ನೋಡಿದ ವಾಣಿಜ್ಯ ತೆರಿಗೆ ಇಲಾಖೆ, ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷವನ್ನೂ ಸೇವೆಯ ವ್ಯಾಪಾರ 20 ಲಕ್ಷವನ್ನೂ ಮೀರಿದ್ದರೂ ನೋಂದಣಿ ಮಾಡಿಸದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಹಾಲು ತರಕಾರಿಯಂತಹ ತೆರಿಗೆಯಿಲ್ಲದ ವಸ್ತುಗಳನ್ನು ಮಾರುವವರಿಗೂ ನೋಟೀಸು ಹೋಯಿತು. ವಾರದೊಳಗೆ ಬೆಂಗಳೂರಿನ ಅಂಗಡಿಗಳಲ್ಲಿ ಕಪ್ಪು ಚೌಕಗಳು ಮಾಯವಾಗಿ, ‘ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿಯ ವಿಷಯದಲ್ಲಿ ಭರವಸೆ ಕೊಟ್ಟ ಮೇಲೆ ಗದ್ದಲ ಅಡಗಿತು. ಲೆಕ್ಕ ಕಾಣುವುದು ಒಳ್ಳೆಯದೆಂದು ಗ್ರಾಹಕರೆಲ್ಲ ಹೇಳುತ್ತಾರೆ. ತನ್ನ ಲೆಕ್ಕ ಕಂಡಾಗ ವ್ಯಾಪಾರಿಗೆ ಅದು ಹಾಗೆ ತೋರುವುದಿಲ್ಲ. ತೆರಿಗೆ ಕೊಡಬೇಕಾದವರು ಕೊಡತಕ್ಕದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳ್ಳುವವರಿಗೆ ಒಗ್ಗಿಹೋದ ಅನುಕೂಲವೊಂದು ವಾರದೊಳಗೆ ಹಿಂದಕ್ಕೆ ಹೋಗಬಹುದೆಂಬುದನ್ನು ಆ ತಿಂಗಳು ತೋರಿಸಿಕೊಟ್ಟಿತು. ಅಂದು ಕಿಸೆಯಲ್ಲಿ ನಾಲ್ಕು ನಾಣ್ಯವಿದ್ದವರು ಕಾಫಿ ಕುಡಿದರು.

ನೀರಿನ ಘಟಕಕ್ಕೆ ಕಾರ್ಡು ಬರಲಿ, ಫೋನಿನ ಚೌಕವೂ ಬರಲಿ, ಕಿಂಡಿಯೂ ಇರಲಿ. ಎರಡಕ್ಕೂ ಒಂದೇ ದರವಿರಬೇಕು. ಕಾರ್ಡಿಗೆ ಲೀಟರಿನ ಲೆಕ್ಕ, ನಾಣ್ಯಕ್ಕೆ ಕ್ಯಾನಿನ ಲೆಕ್ಕ ಇಟ್ಟರೆ ತಪ್ಪಿಲ್ಲ. ಕಿಂಡಿ ಕೆಟ್ಟರೆ ಎಷ್ಟು ದಿನದೊಳಗೆ ಸರಿಪಡಿಸಬೇಕೆಂದು ಗುತ್ತಿಗೆಯ ಪತ್ರದಲ್ಲಿಯೇ ಬರೆಯಿಸಬೇಕು, ಇಲ್ಲದಿದ್ದರೆ ಕೆಟ್ಟ ಕಿಂಡಿಯೇ ಮುಚ್ಚಿದ ಕಿಂಡಿಯಾಗುತ್ತದೆ. ಕಾರ್ಡು ಮಾಡಿಸುವವರು ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಘಟಕ ಕೆಟ್ಟು ತಿಂಗಳುಗಟ್ಟಲೆ ನಿಂತರೆ ಕಾರ್ಡಿನೊಳಗಿನ ಹಣದ ಗತಿ ಏನು? ಕಾರ್ಡು ಕಳೆದರೆ ಉಳಿದ ಹಣ ಹೊಸ ಕಾರ್ಡಿಗೆ ಬರುವುದೇ? ನೂರು ರೂಪಾಯಿಯಂತೆ ಮುನ್ನೂರು ಮನೆಗಳು ಮುಂಗಡ ತುಂಬಿಸಿದರೆ ನಡೆಸುವವರ ಕೈಯಲ್ಲಿ ಮೂವತ್ತು ಸಾವಿರ ರೂಪಾಯಿ ಬಡ್ಡಿಯಿಲ್ಲದೆ ಕುಳಿತಿರುತ್ತದೆ. ಬ್ಯಾಂಕು, ಶಾಲೆ, ತಾಲ್ಲೂಕು ಕಚೇರಿಯ ನೌಕರಿಯಿಂದ ಹೊಸದುರ್ಗಕ್ಕೋ ಹೊಳಲ್ಕೆರೆಗೋ ವರ್ಗವಾಗಿ ಬಂದು, ಮೂರು ವರ್ಷಕ್ಕೆ ಸಾಮಾನು ಕಟ್ಟಿ ಹೊರಡುವ ಸಂಸಾರಗಳಿಗೆ ಈ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಲಾರಿಗೆ ಮಂಚ, ಬೀರು ಏರಿಸಿದ ಮೇಲೆ ಅಡಿಗೆಮನೆಯ ಮೊಳೆಯಲ್ಲಿ ನೀರಿನ ಕಾರ್ಡು ತೂಗುತ್ತಿರುವುದು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಇನ್ನೂ ಅರವತ್ತು ರೂಪಾಯಿ ಇದೆ. ಹಿಂದಕ್ಕೆ ಕೇಳಲು ಹೋದರೆ ಘಟಕದಲ್ಲಿ ಮನುಷ್ಯರಿಲ್ಲ. ಮನೆಯೊಡತಿ ಅದನ್ನು ಪಕ್ಕದ ಮನೆಯವರಿಗೆ ಕೊಟ್ಟು, ಹನ್ನೆರಡು ಕ್ಯಾನ್ ಬರುತ್ತದೆ ನೋಡಿ ಎಂದು ಹೇಳಿ ಹೊರಡುತ್ತಾಳೆ.